ಪದ ಪರಿಚಯ: ಸ್ತ್ರೀವೇಷ

ಅಮೆರಿಕದ ಟಿಬಿಎಸ್ ವಾಹಿನಿಯಲ್ಲಿ 2004ರಲ್ಲಿ ಪ್ರಸಾರವಾಗಿ ಒಂದೇ ಸರಣಿಗೆ ನಿಂತುಹೋದ ‘ಹೀಸ್ ಎ ಲೇಡಿ’ ಎಂಬ ರಿಯಾಲಿಟಿ ಸ್ಪರ್ಧೆಯನ್ನು ‘ಲಿಂಗ ಪರಿವರ್ತನೆಯ ಸ್ಪರ್ಧೆ’ ಎಂದು ಕನ್ನಡದಲ್ಲಿ ಬಣ್ಣಿಸಿದ್ದನ್ನು ಇತ್ತೀಚೆಗೆ ಮತ್ತೊಮ್ಮೆ ಓದಬೇಕಾಯಿತು. ಅಲ್ಲಿ ಯಾರ ಲಿಂಗವೂ ಪರಿವರ್ತನೆಯಾಗಲಿಲ್ಲ. ‘ಆಲ್ ಅಮೆರಿಕನ್ ಮ್ಯಾನ್’ ಎಂಬ ಗಂಡುತನದ ಪೈಪೋಟಿಗೆ ಬಂದಿದ್ದೇವೆಂದು ನಂಬಿದ್ದ 11 ಮಂದಿ ಪುರುಷರಿಗೆ, ಹೆಂಗಸರಂತೆ ಉಟ್ಟು ತೊಟ್ಟು ಹೆಂಗಸರಂತೆಯೇ ಬದುಕಿ ಗೆದ್ದವರಿಗೆ 2.5 ಲಕ್ಷ ಡಾಲರ್ ಬಹುಮಾನವೆಂದು ಆಮೇಲೆ ತಿಳಿಸಲಾಯಿತು. ಇದನ್ನು ಹೇಳಲು ಕನ್ನಡದಲ್ಲಿ ‘ಸ್ತ್ರೀವೇಷ’ ಎಂಬ ಹಳೆಯ, ಖಚಿತವಾದ ಪದವಿದೆ.

‘ವೇಷ’ವನ್ನು ‘ವೇಶ’ ಎಂದು ಬರೆಯುವವರಿಗೂ ಈ ಗೊಂದಲಕ್ಕೂ ನಂಟಿದೆ. ‘ವೇಶ’ದ ಧಾತು ವಿಶ್, ಎಂದರೆ ಒಳಹೊಗು. ಪ್ರವೇಶ, ನಿವೇಶನಗಳು ಆ ಬಳಗದವು. ‘ವೇಷ’ ಬಂದದ್ದು ವಿಷ್ ಧಾತುವಿನಿಂದ, ಅದರ ಅರ್ಥ ಕೆಲಸದಲ್ಲಿ ತೊಡಗು, ಮಾಡು. ಉಡುಪು, ತೋರಿಕೆಯ ರೂಪ ಎಂಬ ಅರ್ಥಗಳು ಅದರ ಬೆನ್ನಿಗೇ ಬಂದವು. ಸಂಸ್ಕೃತದ ಹಸ್ತಪ್ರತಿಗಳಲ್ಲಿಯೇ ಇವೆರಡೂ ಒಂದರ ಜಾಗದಲ್ಲಿ ಇನ್ನೊಂದು ಕಾಣಿಸಿಕೊಳ್ಳುತ್ತವೆಯಾದ್ದರಿಂದ ಕಾಗುಣಿತದ ತಪ್ಪನ್ನು ಕ್ಷಮಿಸಬಹುದು, ಅರ್ಥದ ತಪ್ಪನ್ನು ಕ್ಷಮಿಸುವುದು ಕಷ್ಟ. ವೇಷವೆಂಬುದು ಮಾಡುವ ಕೆಲಸ. ಆದ್ದರಿಂದಲೇ ನಾವು ವೇಷ ಹಾಕುತ್ತೇವೆ, ಕಟ್ಟುತ್ತೇವೆ, ಕಳಚುತ್ತೇವೆ. ಯಕ್ಷಗಾನದ ಸ್ತ್ರೀವೇಷಧಾರಿ ಬೆಳಗಿನ ಜಾವ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ, ಬಣ್ಣ ತೆಗೆದು ಪಂಚೆಯುಟ್ಟು ಮನೆಗೆ ಹೊರಟರೆ ಅವನು ಹೆಣ್ಣಿನಿಂದ ಗಂಡಾಗಿ ಪರಿವರ್ತನೆಯಾದನೆಂದು ಯಾರೂ ಹೇಳುವುದಿಲ್ಲ. (ಶೂರ್ಪನಖಿಯಂತಹ ರಕ್ಕಸಿಯರ ಪಾತ್ರಕ್ಕೆ ಯಕ್ಷಗಾನದ ದಕ್ಷಿಣದ ಶೈಲಿಯಾದ ತೆಂಕುತಿಟ್ಟಿನಲ್ಲಿ ‘ಹೆಣ್ಣು ಬಣ್ಣ’ವೆಂಬ ಬೇರೆಯೇ ವಿಭಾಗವಿದೆ, ಹೆಣ್ಣಿನ ಪಾತ್ರವೆಲ್ಲ ಸ್ತ್ರೀವೇಷವಲ್ಲ ಎಂಬಷ್ಟು ನಾಜೂಕು ನಮ್ಮ ಮೇಳದವರಿಗಿತ್ತು.)

ಎದುರು ದಿಕ್ಕಿನ ತಪ್ಪು ಇನ್ನೂ ಕೆಟ್ಟದ್ದು. ಅದೇ 2004ರಲ್ಲಿ ಬ್ರಿಟನ್ನಿನ ಸ್ಕೈ ಒನ್ ವಾಹಿನಿಯ ‘ದೇರ್ಸ್ ಸಮ್‌ಥಿಂಗ್ ಅಬೌಟ್ ಮಿರಿಯಂ’ ಕಾರ್ಯಕ್ರಮದಲ್ಲಿ, ಮೆಕ್ಸಿಕೋ ಮೂಲದ ಮಾಡೆಲ್ ಮಿರಿಯಂ ರಿವೆರಾ ಅವರ ಒಲವಿಗಾಗಿ ಆರು ಮಂದಿ ಯುವಕರು ಪೈಪೋಟಿ ನಡೆಸಿದರು. ಆಕೆ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ಗುರುತಿಸಲ್ಪಟ್ಟು ಹೆಣ್ಣಾಗಿ ಬದುಕುತ್ತಿದ್ದವಳು ಎಂಬುದನ್ನು ಕೊನೆಯವರೆಗೂ ಅವರಿಂದ ಮುಚ್ಚಿಡಲಾಗಿತ್ತು, ಅವರು ವಕೀಲರ ಮೊರೆಹೋದದ್ದರಿಂದ ಪ್ರಸಾರವೂ ತಡವಾಯಿತು. ಈಕೆಯನ್ನು ‘ಸ್ತ್ರೀವೇಷಧಾರಿ’ ಎನ್ನುವುದು ತಪ್ಪು ಮಾತ್ರವಲ್ಲ, ಅವಮಾನವೂ ಹೌದು, ಏಕೆಂದರೆ ಕ್ಯಾಮೆರಾ ಆರಿದ ಮೇಲೆ ಕಳಚಿಡಲು ಆಕೆಯ ಬಳಿ ಯಾವ ವೇಷವೂ ಇರಲಿಲ್ಲ. ಎರಡೂ ಕಾರ್ಯಕ್ರಮಗಳಲ್ಲಿ ಕಪಟವಿತ್ತು, ನಿಜ. ಆದರೆ ಶಾಲೆಯ ವಾರ್ಷಿಕೋತ್ಸವದಲ್ಲಿ ನಾವು ‘ಛದ್ಮವೇಷ’ ಎನ್ನುತ್ತೇವಲ್ಲ, ಅದರೊಳಗಿನ ‘ಛದ್ಮ’, ಅಂದರೆ ಮೋಸ, ಇಲ್ಲಿ ನಿರ್ಮಾಪಕರದ್ದೇ ಹೊರತು ಧಾರಾವಾಹಿಯ ಪಾತ್ರದಂತೆ ಕ್ಯಾಮೆರಾ ಮುಂದೆ ನಿಲ್ಲಿಸಲ್ಪಟ್ಟವರದ್ದಲ್ಲ.

ಪುರಾಣದ ಉದಾಹರಣೆ ಕೊಡುವ ಉತ್ಸಾಹಿಗಳು ತಪ್ಪದೆ ಬೃಹನ್ನಳೆಯನ್ನು ಕರೆತರುತ್ತಾರೆ, ಅದೂ ಸಲ್ಲದು. ಊರ್ವಶಿಯ ಶಾಪದ ಕಥೆಯನ್ನು ಒಪ್ಪುವುದಾದರೆ ಅರ್ಜುನನಿಗೆ ಬಂದದ್ದು ಒಂದು ವರ್ಷದ ಸ್ಥಿತಿ, ಬಳೆ ಕಳಚಿದೊಡನೆ ಮುಗಿಯುವಂಥದ್ದಲ್ಲ. ಸ್ತ್ರೀವೇಷಕ್ಕೆ ಮಹಾಭಾರತದಿಂದಲೇ ಉದಾಹರಣೆ ಬೇಕೆನ್ನುವವರು ಯಕ್ಷಗಾನದ ಕೀಚಕವಧೆಯಲ್ಲಿ ಸೀರೆಯುಟ್ಟು ಕತ್ತಲಲ್ಲಿ ಕಾದು ಕುಳಿತ ಭೀಮನನ್ನು ಬಳಸಿಕೊಳ್ಳಬಹುದು.