ಕಂಬಳದ ಕೋಣ ಓಡಬೇಕು, ಫೋಟೊದಲ್ಲಿ ನಿಲ್ಲಬಾರದು

ಮೊಬೈಲಿನಲ್ಲಿ ತೆಗೆದ ಕಂಬಳದ ಫೋಟೊಗಳಲ್ಲಿ ನೀರಹನಿಗಳು ಮಣಿಗಳಂತೆ ಗಾಳಿಯಲ್ಲಿ ತೂಗುತ್ತಿರುತ್ತವೆ, ಕೋಣಗಳು ಕಾಲೆತ್ತಿ ನಿಂತಂತಿರುತ್ತವೆ. ಎಲ್ಲವೂ ಸ್ಪಷ್ಟ, ಓಟ ಮಾತ್ರ ಕಾಣೆ. ಬಿಸಿಲಿದ್ದರೆ ಫೋನ್ ತನ್ನಷ್ಟಕ್ಕೆ 1/2000 ಸೆಕೆಂಡಿಗೂ ಕಡಿಮೆ ಹೊತ್ತು ಶಟರ್ ತೆರೆಯುತ್ತದೆ. ಕೋಣ ಸ್ಪಷ್ಟವಾಗಿದ್ದು ಹಿನ್ನೆಲೆ ಗೆರೆಗೆರೆಯಾಗಿ ಹರಿದರೆ ಓಟ ಕಾಣುತ್ತದೆ; ಅದಕ್ಕೆ ಬೇಕಾದ್ದು 1/30ರಿಂದ 1/60 ಸೆಕೆಂಡ್.

ಸೆಟ್ಟಿಂಗುಗಳನ್ನು ನಾವೇ ಬದಲಿಸುವ ಪ್ರೊ ಮೋಡಿಗೆ ಹೋಗಿ ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 50, ಶಟರ್ 1/30 ಇಟ್ಟರೆ ಮಧ್ಯಾಹ್ನ ಚಿತ್ರ ಪೂರಾ ಬೆಳ್ಳಗಾಗುತ್ತದೆ. ಹೆಚ್ಚಿನ ಫೋನುಗಳ ಲೆನ್ಸಿನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/1.8ರ ಆಸುಪಾಸಿನಲ್ಲಿ ಕಾಯಂ. ದೊಡ್ಡ ಕ್ಯಾಮೆರಾದಂತೆ ಕಿರಿದು ಮಾಡಲು ಬರುವುದಿಲ್ಲ. ಐಎಸ್‌ಒ 50 ಇದ್ದಾಗ ಸುಡುಬಿಸಿಲಿಗೆ ಸರಿಹೊಂದುವ ಶಟರ್ ಸುಮಾರು 1/4000. ಅಂದರೆ 1/30ರಲ್ಲಿ ನೂರಕ್ಕೂ ಹೆಚ್ಚು ಪಟ್ಟು ಬೆಳಕು ಜಾಸ್ತಿ. ಲೆನ್ಸಿಗೆ ಕ್ಲಿಪ್ ಹಾಕುವ, ಬೆಳಕನ್ನು 64ರಲ್ಲಿ ಒಂದು ಪಾಲಿಗೆ ಇಳಿಸುವ ಎನ್‌ಡಿ64 ಫಿಲ್ಟರ್ ಇದ್ದರೆ 1/60ರವರೆಗೆ ಇಳಿಯಬಹುದು. ತಿರುಗಿಸಿ ಕಪ್ಪು ಹೆಚ್ಚಿಸುವ ಅಗ್ಗದ ಫಿಲ್ಟರ್ ಬೇಡ. ಕೊನೆಗೆ ತಿರುಗಿಸಿದರೆ ಚಿತ್ರದ ಮೇಲೆ ಅಡ್ಡಾದಿಡ್ಡಿ ಕಪ್ಪು ಪಟ್ಟೆ ಬೀಳುತ್ತದೆ. ಸೂರ್ಯ ಮುಳುಗಿದ ಮೇಲಿನ ಕಾಲು ಗಂಟೆ ಯಾವ ಫಿಲ್ಟರಿಗೂ ಮೇಲು, ಖರ್ಚೂ ಇಲ್ಲ.

ಓಟ ಶುರುವಾಗುವ ಗಂತಿನ ಬಳಿಯೂ ಮುಗಿಯುವ ಮಂಜೊಟ್ಟಿಯ ಬಳಿಯೂ ನಿಲ್ಲಬೇಡಿ. ಅಲ್ಲಿ ಕೋಣ ನಿಮ್ಮ ಕಡೆಗೆ ಬರುತ್ತಾ ದೊಡ್ಡದಾಗುತ್ತದೆ ಇಲ್ಲವೇ ದೂರ ಹೋಗುತ್ತಾ ಚಿಕ್ಕದಾಗುತ್ತದೆ. ಎಷ್ಟು ಚೆನ್ನಾಗಿ ಫೋನ್ ತಿರುಗಿಸಿದರೂ ಮಸುಕೇ. ಕರೆಯ (ಕೋಣ ಓಡುವ ನೀರಿನ ಓಣಿಯ) ನಡುಭಾಗದ ಪಕ್ಕದಲ್ಲಿ ನಿಂತು, ಪಾದಗಳನ್ನು ನೇರ ಎದುರಿಗೆ ಊರಿ, ಸೊಂಟವನ್ನಷ್ಟೇ ಗಂತಿನ ಕಡೆಗೆ ತಿರುಗಿಸಿಕೊಳ್ಳಿ. ಮೊಣಕೈ ಪಕ್ಕೆಗೆ ಒತ್ತಿರಲಿ. ಫೋಕಸನ್ನು ಮೊದಲೇ ನಿಮ್ಮೆದುರಿನ ನೀರಿಗೆ ಮ್ಯಾನುಯಲ್ ಆಗಿ ಕಟ್ಟಿಡಿ. ಕೋಣದ ಕಣ್ಣು ಪರದೆಯ ಒಂದೇ ಜಾಗದಲ್ಲಿ ಇರುವಂತೆ ಜೊತೆಜೊತೆಗೇ ತಿರುಗುತ್ತಾ ಬಂದು, ಎದುರಾದಾಗ ವಾಲ್ಯೂಮ್ ಗುಂಡಿ ಒತ್ತಿ. ಒತ್ತಿದ ಮೇಲೂ ತಿರುಗುತ್ತಲೇ ಇರಿ. ಇದನ್ನು ಮರೆಯುವವರೇ ಹೆಚ್ಚು.

ಒಳ್ಳೆಯ ಜೋಡಿ ಸೆಕೆಂಡಿಗೆ ಹತ್ತು ಮೀಟರಿನಷ್ಟು ಓಡುತ್ತದೆ. 1/30ರಲ್ಲಿ ಅದು ಒಂದಡಿಯಷ್ಟು ಮುಂದೆ ಸರಿದಿರುತ್ತದೆ. ಆ ಒಂದಡಿಯನ್ನು ನಿಮ್ಮ ಸೊಂಟ ಸರಿದೂಗಿಸಬೇಕು. ಅಭ್ಯಾಸಕ್ಕೆ 1/60ರಿಂದ ಶುರು ಮಾಡಿ. 1/15ಕ್ಕೆ ಇಳಿದರೆ ಓಟಗಾರನ ಮುಖವೂ ಕರಗುತ್ತದೆ.

ಕೆಟ್ಟ ಫೋಟೊ ತನ್ನ ತಪ್ಪನ್ನು ತಾನೇ ಹೇಳುತ್ತದೆ. ಹಿನ್ನೆಲೆಯ ಗೆರೆಗಳು ಅಲೆಯಂತೆ ಡೊಂಕಾಗಿದ್ದರೆ ಕೈ ಮೇಲೆಕೆಳಗೆ ಆಡಿದೆ. ಜನ ಸ್ಪಷ್ಟ, ಕೋಣ ಮಸುಕು ಎಂದರೆ ಗುಂಡಿ ಒತ್ತುವಾಗ ನೀವು ನಿಂತುಬಿಟ್ಟಿದ್ದೀರಿ. ಕೋಣಕ್ಕೆ ಎರಡು ಕೊಂಬಿನ ಬದಲು ನಾಲ್ಕು ಕಂಡರೆ ತಪ್ಪು ನಿಮ್ಮದಲ್ಲದಿರಬಹುದು: ಎಚ್‌ಡಿಆರ್ ಅಥವಾ ನೈಟ್ ಮೋಡ್ ಹಲವು ಚಿತ್ರಗಳನ್ನು ಒಂದರ ಮೇಲೊಂದು ಹೊಲಿದಿದೆ. ಅದನ್ನು ಆಫ್ ಮಾಡಿ.

ಐಫೋನಿನ ಸ್ವಂತ ಕ್ಯಾಮೆರಾದಲ್ಲಿ ಶಟರ್ ವೇಗ ಬದಲಿಸಲಾಗದು, ಬೇರೆ ಆ್ಯಪ್ ಬೇಕು. ಐಫೋನಿನದೇ ಲೈವ್ ಫೋಟೊದ ಲಾಂಗ್ ಎಕ್ಸ್‌ಪೋಷರ್ ಸುಮಾರು ಮೂರು ಸೆಕೆಂಡುಗಳ ಚಲನೆಯನ್ನು ಬೆರೆಸುತ್ತದೆ. ಸ್ಟ್ಯಾಂಡಿನ ಮೇಲಿಟ್ಟು ಜಲಪಾತ ತೆಗೆಯಲು ಚೆನ್ನ, ಓಟಕ್ಕಲ್ಲ.

ಓಟಗಾರ ಹಲಗೆಯ ಮೇಲೆ ನಿಂತು ನೀರನ್ನು ಮೇಲಕ್ಕೆ ಚಿಮ್ಮಿಸುವ ಕನೆಹಲಗೆ ಸ್ಪರ್ಧೆಗೆ ಈ ಲೆಕ್ಕವೆಲ್ಲ ತಲೆಕೆಳಗು. ಅಲ್ಲಿ ನೋಡಬೇಕಾದ್ದು ಕರೆಯ ಮೇಲೆ ಎತ್ತರದಲ್ಲಿ ಗುರಿಯಾಗಿ ಕಟ್ಟಿದ ನಿಶಾನೆಯ ಬಟ್ಟೆಗೆ ಚಿಮ್ಮುವ ನೀರು. ಫೋನನ್ನು ಕಂಬಕ್ಕೋ ಬೇಲಿಗೋ ಅದುಮಿ ಹಿಡಿದು, ಅಲುಗಾಡಿಸದೆ 1/15ರಲ್ಲಿ ತೆಗೆಯಿರಿ. ನಿಶಾನೆ ಸ್ಪಷ್ಟವಾಗಿ ನಿಲ್ಲುತ್ತದೆ, ನೀರು ಬಿಳಿ ಎಳೆಗಳಾಗಿ ಅದರತ್ತ ಏರುತ್ತದೆ.