ಸ್ಟ್ಯಾಂಡರ್ಡೋ, ಬೇಸಿಕ್ಕೋ? ಒಂದು ರೈಲಿನ ಲೆಕ್ಕ ಕೊಟ್ಟು ನೋಡಿ

ಸಿಬಿಎಸ್‌ಇ ಹತ್ತನೇ ತರಗತಿಯ ಮಕ್ಕಳ ಪಟ್ಟಿ ಬೋರ್ಡಿಗೆ ಹೋಗುವ ಹೊತ್ತಿಗೆ ಧಾರವಾಡದ ಸಪ್ತಾಪುರದ ನನ್ನ ಗಣಿತದ ಟ್ಯೂಷನ್‌ಗೆ ಒಂದೇ ಪ್ರಶ್ನೆ ಬರುತ್ತದೆ. "ಸರ್, ಇವಂಗ ಬೇಸಿಕ್ ಕೊಡಸಲೇನ್ರಿ?" ಗಣಿತದ ಪರೀಕ್ಷೆಗೆ ಎರಡು ಹಂತ: ಸ್ವಲ್ಪ ಕಷ್ಟದ್ದು ಸ್ಟ್ಯಾಂಡರ್ಡ್, ಸುಲಭದ್ದು ಬೇಸಿಕ್. ಒಂದನ್ನು ಆರಿಸಬೇಕು.

ಹೋದ ವರ್ಷ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಬಂದಿದ್ದರು. ಒಂಬತ್ತನೇ ತರಗತಿಯಲ್ಲಿ 80ಕ್ಕೆ 41. "ಬೇಸಿಕ್‌ಗೆ ಪುಸ್ತಕ ಬ್ಯಾರೆ ಇರ್ತೈತೇನ್ರಿ?" ಅಂದರು. ಇಲ್ಲ. ಪುಸ್ತಕ ಅದೇ, ಪಾಠ ಅದೇ, ಶಾಲೆಯವರು ಕೊಡುವ 20 ಅಂಕವೂ ಅದೇ ಲೆಕ್ಕ. 80 ಅಂಕದ ಪ್ರಶ್ನೆಪತ್ರಿಕೆ ಮಾತ್ರ ಬೇರೆ. 2020ರ ಪರೀಕ್ಷೆಯಿಂದ ಈ ಎರಡು ಹಂತ ಬಂದಿವೆ. ಸ್ಟ್ಯಾಂಡರ್ಡ್‌ನ ಕೋಡ್ 041, ಬೇಸಿಕ್‌ನದು 241. ಅಂಕಪಟ್ಟಿಯಲ್ಲೂ ಹಾಗೇ ಬರುತ್ತದೆ.

41ನ್ನು ಬದಿಗಿಟ್ಟು ಹುಡುಗನಿಗೆ ಹಾಳೆ ಕೊಟ್ಟೆ. ಎಕ್ಸ್ ಸ್ಕ್ವೇರ್ ಪ್ಲಸ್ 5 ಎಕ್ಸ್ ಮೈನಸ್ 1800 ಅಂದರೆ ಸೊನ್ನೆ, ಎಕ್ಸ್ ಎಷ್ಟು? 45, 40 ಅಂತ ಒಡೆದು ಬಿಡಿಸಿಬಿಟ್ಟ. ಆಮೇಲೆ ಎರಡನೆಯದು: ಒಂದು ರೈಲು 360 ಕಿ.ಮೀ. ಹೋಗುತ್ತದೆ. ಗಂಟೆಗೆ 5 ಕಿ.ಮೀ. ಜಾಸ್ತಿ ಓಡಿದ್ದರೆ ಒಂದು ಗಂಟೆ ಮೊದಲೇ ಮುಟ್ಟುತ್ತಿತ್ತು. ಅದರ ವೇಗ ಎಷ್ಟು? 360ನ್ನು 5ರಿಂದ ಭಾಗಿಸಿದ, ಅಳಿಸಿದ, ಪೆನ್ಸಿಲ್ ಕಚ್ಚುತ್ತ ಕೂತ. ಎರಡೂ ಒಂದೇ ಸಮೀಕರಣ! "ತಮ್ಮಾ, 40ರಾಗ ಹೋದ್ರ ಎಷ್ಟ್ ತಾಸು?" ಅಂದೆ. "9." "45ರಾಗ?" "8" ಅಂದವನೇ ನಕ್ಕ.

ಬೇಸಿಕ್ ಪತ್ರಿಕೆಯಲ್ಲಿ ನೇರವಾಗಿ ಬಿಡಿಸುವ ಲೆಕ್ಕ ಜಾಸ್ತಿ. ಸ್ಟ್ಯಾಂಡರ್ಡ್‌ನಲ್ಲಿ ಮಾತಿನಿಂದ ಸಮೀಕರಣ ಕಟ್ಟುವ ಕೆಲಸ ಜಾಸ್ತಿ. ಒಂದು ಸುಳಿವಿಗೆ ದಾರಿ ಹಿಡಿಯುವ ಮಗುವಿಗೆ ಸ್ಟ್ಯಾಂಡರ್ಡ್ ಕೊಡಿಸಿ ಅನ್ನುತ್ತೇನೆ, ಅದೂ ಪಿಯುನಲ್ಲಿ ಗಣಿತ ಇರುವ ಸೈನ್ಸ್, ಅಂದರೆ ಪಿಸಿಎಂಬಿ ಅಥವಾ ಪಿಸಿಎಂಸಿ, ಮನಸ್ಸಿನಲ್ಲಿದ್ದರೆ. ಪಿಯು ಆದಮೇಲೆ ಎಂಜಿನಿಯರಿಂಗ್ ಸೀಟಿಗೆ ಬರೆಯುವ ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ಪೆನ್ಸಿಲ್ ಕಚ್ಚಲು ಸಮಯ ಎಲ್ಲಿದೆ?

ನಾನೂ ಒಮ್ಮೆ ಎಡವಿದ್ದೇನೆ. ಬರೀ ಅಂಕ ನೋಡಿ ಒಬ್ಬನಿಗೆ ಬೇಸಿಕ್ ಅಂದೆ. ಒಳ್ಳೆಯ ಅಂಕವೇ ಬಂತು. ಜೂನ್‌ನಲ್ಲಿ ಅವನಿಗೆ ಪಿಸಿಎಂಸಿ ಆಸೆ ಹುಟ್ಟಿತು. ತ್ರಿಕೋನಮಿತಿ ಮತ್ತೆ ಮೊದಲಿಂದ ಹೇಳಿಕೊಡುವುದರಲ್ಲಿ ಇಬ್ಬರಿಗೂ ಸುಸ್ತಾಯಿತು. ಸಿಬಿಎಸ್‌ಇಯಲ್ಲಿ ಮೊದಲು ಬೇಸಿಕ್ ಬರೆದವರಿಗೆ 11ರಲ್ಲಿ ಗಣಿತ ಇಲ್ಲ ಅಂತಿತ್ತು. ಆಮೇಲೆ ಸಡಿಲ ಮಾಡಿ, ಮಗುವಿಗೆ ಆಗುತ್ತದೆ ಅಂತ ಪ್ರಾಂಶುಪಾಲರಿಗೆ ಅನ್ನಿಸಿದರೆ ಕೊಡಬಹುದು ಅಂದರು. ನಿಮ್ಮ ಮನಸ್ಸಿನಲ್ಲಿರುವ ಪಿಯು ಕಾಲೇಜಿನವರು ಏನನ್ನುತ್ತಾರೆ ಅಂತ ಈಗಲೇ ಹೋಗಿ ಕೇಳಿ. ಅಂದಹಾಗೆ, ಪಿಯು ಕಾಮರ್ಸ್‌ನಲ್ಲಿರುವ ಬೇಸಿಕ್ ಮ್ಯಾಥ್ಸ್ ಬೇರೆಯೇ ವಿಷಯ. ಹೆಸರು ಒಂದೇ ಅಂತ ಗೊಂದಲ ಬೇಡ.

ಇನ್ನು ಗದಗಿನ ಒಬ್ಬ ತಂದೆ. ಮಗಳು ಆರ್ಟ್ಸ್ ಅಂತ ಗಟ್ಟಿ ಮಾಡಿಕೊಂಡಿದ್ದಾಳೆ, ಇವರಿಗೆ ಸ್ಟ್ಯಾಂಡರ್ಡೇ ಬೇಕು. "ಬೇಸಿಕ್ ಅಂದ್ರ ಮಂದಿ ಏನಂತಾರ್ರೀ ಸರ್?" ಪರೀಕ್ಷೆ ಬರೆಯೋದು ಮಂದಿ ಅಲ್ಲ ಅಲ್ವಾ, ಬೇಸಿಕ್ಕೇ ಬರೆಸಿ ಅಂದೆ.

ಆ 41ರ ಹುಡುಗ ಸ್ಟ್ಯಾಂಡರ್ಡ್ ಅಂತ ಬರೆಸಿದ. ದಿನಕ್ಕೊಂದು ರೈಲು, ದೋಣಿ, ನಲ್ಲಿಯ ಲೆಕ್ಕ ಅಂತ ಕರಾರಾಯಿತು. ಮೊದಲ ವಾರ ಏಳರಲ್ಲಿ ನಾಲ್ಕು ತಪ್ಪು.