ಪುರಾವೆಗಿಂತ ಮೊದಲು ಬರುವ ಹಣ

1925ರಲ್ಲಿ ಎಂಟು ಸಾವಿರ ರೂಪಾಯಿ ಬಂಡವಾಳ ಕೂಡಿಸಿಕೊಂಡು ಉಡುಪಿಯಲ್ಲಿ ಒಂದು ಬ್ಯಾಂಕ್ ಶುರುವಾಯಿತು. ಕಷ್ಟಕ್ಕೆ ಸಿಕ್ಕಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗುವುದು ಅದರ ಉದ್ದೇಶ. ಮೂರು ವರ್ಷದ ನಂತರ ಅದೇ ಬ್ಯಾಂಕ್ ಮನೆಮನೆಗೆ ಜನ ಕಳುಹಿಸಿ ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿಯನ್ನು ಆರಂಭಿಸಿತು. ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು ಇದೇ. ಸ್ಥಾಪಕರಲ್ಲಿ ಒಬ್ಬರಾದ ಡಾ. ಟಿ.ಎಂ.ಎ. ಪೈ ವೃತ್ತಿಯಿಂದ ವೈದ್ಯರು. 1953ರಲ್ಲಿ ಮಣಿಪಾಲದ ಬೋಳುಗುಡ್ಡದ ಮೇಲೆ ಕಸ್ತೂರಬಾ ವೈದ್ಯಕೀಯ ಕಾಲೇಜು ತೆರೆದವರೂ ಅವರೇ. ಸಣ್ಣ ಹಣದ ಶಕ್ತಿ ಏನೆಂದು ಈ ಕರಾವಳಿಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

ಆದರೆ ಇಲ್ಲಿನ ಯುವ ವೈದ್ಯರೊಬ್ಬರು ಹೊಸ ಯೋಚನೆಯೊಂದನ್ನು ಪರೀಕ್ಷಿಸಲು ಅನುದಾನಕ್ಕೆ ಅರ್ಜಿ ತುಂಬಲು ಕುಳಿತರೆ ಮೂರನೆಯದೋ ನಾಲ್ಕನೆಯದೋ ಕಲಮಿನಲ್ಲಿ ಪೆನ್ನು ನಿಲ್ಲುತ್ತದೆ: ‘ಪ್ರಾಥಮಿಕ ದತ್ತಾಂಶ’. ಯೋಚನೆ ಸರಿಯೋ ತಪ್ಪೋ ನೋಡುವುದಕ್ಕೆ ಹಣ ಕೇಳಿದರೆ, ಸರಿಯೆನ್ನುವುದಕ್ಕೆ ಸ್ವಲ್ಪ ಪುರಾವೆ ಮೊದಲೇ ಕೊಡಿ ಎಂದು ಕೇಳುತ್ತಾರೆ. ಮುಡಿ ಕಟ್ಟಿಟ್ಟ ಬಿತ್ತನೆ ಭತ್ತ ಕೊಡಬೇಕಾದವರು ಕೊಯ್ಲಿನ ತೆನೆ ತೋರಿಸು ಎಂದಂತೆ.

ಈ ಕಲಮು ಕೆಟ್ಟ ಉದ್ದೇಶದಿಂದ ಬಂದದ್ದಲ್ಲ. 1911ರಲ್ಲಿ ಹುಟ್ಟಿ, 1949ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಎಂಬ ಹೆಸರು ಪಡೆದ ಸಂಸ್ಥೆಯಿರಲಿ, ಹೊರದೇಶದ ದೊಡ್ಡ ಸರ್ಕಾರಿ ಸಂಸ್ಥೆಗಳಿರಲಿ, ಹಂಚುವುದು ತೆರಿಗೆದಾರರ ದುಡ್ಡು. ಅದೇ ವಿಷಯ ಬಲ್ಲ ತಜ್ಞರು ಸಮಿತಿಯಲ್ಲಿ ಕುಳಿತು ಅರ್ಜಿಗಳನ್ನು ತೂಗಬೇಕು ಎಂಬುದು ನ್ಯಾಯವೇ. ತೊಂದರೆ ಇರುವುದು ತಕ್ಕಡಿಯ ಸ್ವಭಾವದಲ್ಲಿ. ಹತ್ತು ಜನರ ಅಂಕಗಳನ್ನು ಸರಾಸರಿ ಮಾಡಿದಾಗ ಎಲ್ಲರೂ ‘ಪರವಾಗಿಲ್ಲ’ ಎಂದ ಅರ್ಜಿ ಗೆಲ್ಲುತ್ತದೆ. ಇಬ್ಬರಿಗೆ ತುಂಬಾ ಹಿಡಿಸಿ ಎಂಟು ಮಂದಿಗೆ ಅಸಂಬದ್ಧ ಎನಿಸಿದ್ದು ಬುಟ್ಟಿಗೆ ಬೀಳುತ್ತದೆ.

ಹಾಗೆ ಬಿದ್ದುಹೋಗಿದ್ದ ಯೋಚನೆಗಳಲ್ಲಿ ಕೆಲವು ಆಮೇಲೆ ಇತಿಹಾಸವಾದವು. ಹೊಟ್ಟೆಯ ಹುಣ್ಣಿಗೆ ಬ್ಯಾಕ್ಟೀರಿಯಾ ಕಾರಣ ಎಂದ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಅವರನ್ನು ಸಹೋದ್ಯೋಗಿಗಳು ನಂಬಲಿಲ್ಲ. 1984ರಲ್ಲಿ ಅವರು ಆ ಬ್ಯಾಕ್ಟೀರಿಯಾ ಬೆಳೆಸಿದ ದ್ರಾವಣವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ರಾಬಿನ್ ವಾರೆನ್ ಜೊತೆಗೆ ನೊಬೆಲ್ ಬಂತು. ಜೀವರಸಾಯನ ವಿಜ್ಞಾನಿ ಕ್ಯಾಟಲಿನ್ ಕರಿಕೊ 1990ರ ದಶಕವಿಡೀ, ಮುಂದೆ ಕೋವಿಡ್ ಲಸಿಕೆಗೆ ಬುನಾದಿಯಾದ ಎಂಆರ್‌ಎನ್‌ಎ ಸಂಶೋಧನೆಗೆ ಅನುದಾನ ಕೇಳಿ ನಿರಾಕರಣೆಯ ಪತ್ರಗಳನ್ನು ಕಟ್ಟಿಟ್ಟರು. 1995ರಲ್ಲಿ ವಿಶ್ವವಿದ್ಯಾಲಯ ಅವರ ಹುದ್ದೆಯನ್ನೇ ಇಳಿಸಿತು. ಅವರಿಗೂ 2023ರಲ್ಲಿ ನೊಬೆಲ್ ಬಂತು.

ನನಗೆ ಇವೆರಡಕ್ಕಿಂತ ಹೆಚ್ಚು ನೆನಪಾಗುವುದು ನಮ್ಮವರೇ ಆದ ವೈದ್ಯ ದಿಲೀಪ್ ಮಹಲನಬಿಸ್. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ಸಲೈನ್ ಮುಗಿದಾಗ, ಉಪ್ಪು, ಅಡುಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಟ್ಟು ರೋಗಿಯ ಮನೆಯವರ ಕೈಯಿಂದಲೇ ಕುಡಿಸಿದರು. ಶೇಕಡಾ 30ರಷ್ಟಿದ್ದ ಸಾವು ಅವರ ಶಿಬಿರದಲ್ಲಿ ಶೇಕಡಾ 4ಕ್ಕಿಂತ ಕೆಳಗೆ ಬಂತು. ತರಬೇತಿಯಿಲ್ಲದ ಮನೆಯವರ ಕೈಗೆ ಚಿಕಿತ್ಸೆ ಕೊಡುತ್ತೇನೆ ಎಂದು ಅವರು ಶಾಂತಿಕಾಲದಲ್ಲಿ ಅರ್ಜಿ ಹಾಕಿದ್ದರೆ ಸಮಿತಿ ಏನನ್ನುತ್ತಿತ್ತು ಎಂದು ಊಹಿಸಿ.

ಈ ಗಂಟು ಬಿಚ್ಚುವ ದೊಡ್ಡ ಪ್ರಯತ್ನ ನಡೆದದ್ದು 2008ರಲ್ಲಿ. ಗೇಟ್ಸ್ ಪ್ರತಿಷ್ಠಾನ 2003ರಲ್ಲೇ ‘ಗ್ರ್ಯಾಂಡ್ ಚಾಲೆಂಜಸ್’ ಹೆಸರಿನಲ್ಲಿ ಜಾಗತಿಕ ಆರೋಗ್ಯದ ಕಠಿಣ ಪ್ರಶ್ನೆಗಳನ್ನು ಪಟ್ಟಿ ಮಾಡಿತ್ತು. ಗಣಿತಜ್ಞ ಹಿಲ್ಬರ್ಟ್ 1900ರಲ್ಲಿ ಮುಂದಿಟ್ಟ ಸಮಸ್ಯೆಗಳ ಪಟ್ಟಿಯೇ ಅದಕ್ಕೆ ಮಾದರಿ. ಆಗ ಹಣ ಹೋದದ್ದು ದೊಡ್ಡ ಪ್ರಯೋಗಾಲಯಗಳಿಗೆ, ದೊಡ್ಡ ಮೊತ್ತದಲ್ಲಿ. ಐದು ವರ್ಷದ ನಂತರ ಬಂದ ‘ಎಕ್ಸ್‌ಪ್ಲೋರೇಶನ್ಸ್’ ಅದರ ತದ್ವಿರುದ್ಧ: ಅರ್ಜಿ ಎರಡೇ ಪುಟ, ಪ್ರಾಥಮಿಕ ದತ್ತಾಂಶ ಬೇಡ, ಒಂದು ಲಕ್ಷ ಡಾಲರ್, ಫಲ ಕಂಡರೆ ಹತ್ತು ಲಕ್ಷದವರೆಗೆ. ಪರಿಶೀಲಕರಿಗೆ ಅರ್ಜಿದಾರರ ಹೆಸರು ಕಾಣಿಸುತ್ತಿರಲಿಲ್ಲ. ಸರಾಸರಿಯನ್ನೂ ಕೈಬಿಟ್ಟರು, ಒಬ್ಬ ಪರಿಶೀಲಕ ಪಟ್ಟು ಹಿಡಿದರೂ ಅರ್ಜಿ ಮುಂದಿನ ಸುತ್ತಿಗೆ ಹೋಗಬಹುದಿತ್ತು. ಮೊದಲ ಸುತ್ತಿಗೆ ಬಂದದ್ದು ಸುಮಾರು 4,000 ಅರ್ಜಿ, ಹಣ ಸಿಕ್ಕಿದ್ದು 104ಕ್ಕೆ. ಬಾಗಿಲು ದೊಡ್ಡದಾದರೂ ಒಳಗೆ ಹೋಗುವವರು ಕೆಲವರೇ, ಇದನ್ನು ಮರೆಯಬಾರದು.

2010ರಲ್ಲಿ ಕೆನಡಾ ಇದೇ ದಾರಿ ಹಿಡಿಯಿತು. ಬಾಟಲಿಯೊಳಗೆ ಸಿಕ್ಕಿಕೊಂಡ ಬಿರಡೆಯನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆಯುವ ವಿಡಿಯೊ ನೋಡಿ, ಕಷ್ಟದ ಹೆರಿಗೆಗೆ ಸಾಧನ ರೂಪಿಸಿದ ಅರ್ಜೆಂಟೀನಾದ ಕಾರ್ ಮೆಕ್ಯಾನಿಕ್ ಹೋರ್ಹೆ ಒಡೊನ್‌ಗೆ ಹಣ ದಕ್ಕಿದ್ದು ಇಂಥ ಬಾಗಿಲುಗಳಿಂದಲೇ.

ಭಾರತದಲ್ಲಿ 2012 ನೆನಪಿಡಬೇಕಾದ ವರ್ಷ. ಜೈವಿಕ ತಂತ್ರಜ್ಞಾನ ಇಲಾಖೆಯ ಅಡಿ, ಈ ಕ್ಷೇತ್ರದ ಹೊಸ ಉದ್ಯಮಗಳಿಗೆ ನೆರವಾಗುವ ಬೈರಾಕ್ ಸಂಸ್ಥೆ ಸ್ಥಾಪನೆಯಾಯಿತು, ಗ್ರ್ಯಾಂಡ್ ಚಾಲೆಂಜಸ್ ಇಂಡಿಯಾ ಆರಂಭವಾಯಿತು, ‘ಬಿಗ್’ ಎಂದೇ ಕರೆಯುವ ಬಯೋಟೆಕ್ನಾಲಜಿ ಇಗ್ನಿಶನ್ ಗ್ರಾಂಟ್ ಬಂತು: 18 ತಿಂಗಳಿಗೆ 50 ಲಕ್ಷ ರೂಪಾಯಿವರೆಗೆ. ಐಸಿಎಂಆರ್ ಕೂಡ 2024ರಲ್ಲಿ ‘ಫಸ್ಟ್ ಇನ್ ದ ವರ್ಲ್ಡ್ ಚಾಲೆಂಜ್’ ಘೋಷಿಸಿ, ಜಗತ್ತಿನಲ್ಲಿ ಇನ್ನೂ ಯಾರೂ ಮಾಡದ್ದನ್ನು ತನ್ನಿ ಎಂದಿತು. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಸಣ್ಣ ಅಧ್ಯಯನಕ್ಕೆ ಅದು ಕೊಡುವ ಶಿಷ್ಯವೇತನವಂತೂ 1979ರಷ್ಟು ಹಳೆಯದು. ಮಂಗಳೂರು, ಮಣಿಪಾಲದ ಹಾಸ್ಟೆಲುಗಳಲ್ಲಿ ಸಂಶೋಧನೆಯ ಮೊದಲ ಅರ್ಜಿ ಎಂದರೆ ಬಹುಪಾಲು ಅದೇ.

ಎರಡು ಪುಟದಲ್ಲಿ ಏನು ಬರೆಯಬೇಕು? ಊರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1990ರ ಸುಮಾರಿಗೆ ಮಂಗಳೂರಿಗೆ ಮರಳಿ ಬಂದ ಮಲೇರಿಯಾ ಕಟ್ಟಡ ಕಾಮಗಾರಿಯ ಜೊತೆಜೊತೆಗೇ ಬೆಳೆಯಿತು. ಸ್ಲ್ಯಾಬಿಗೆ ನೀರುಣಿಸಲು ನಿಲ್ಲಿಸಿದ ನೀರು, ಬಾವಿ, ಮುಚ್ಚಳವಿಲ್ಲದ ಟ್ಯಾಂಕ್: ಅನಾಫಿಲಿಸ್ ಸ್ಟೀಫನ್ಸೈ ಸೊಳ್ಳೆಗೆ ಇಷ್ಟು ಸಾಕು. 2015ರಲ್ಲಿ ನಗರದ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ ಕೊಟ್ಟು ಪ್ರತಿ ಪ್ರಕರಣವನ್ನೂ ನಕ್ಷೆಯಲ್ಲಿ ಗುರುತಿಸತೊಡಗಿದರು. ಈಗ ಒಬ್ಬರಿಗೆ ಹೊಳೆಯಿತು ಎನ್ನಿ: ಲಾರ್ವಾ ಹುಡುಕುವ ಕೆಲಸವನ್ನು ಕಟ್ಟಡದ ಮೇಸ್ತ್ರಿಗೇ ಕಲಿಸಿದರೆ ಹೇಗೆ?

‘ಮಂಗಳೂರನ್ನು ಮಲೇರಿಯಾಮುಕ್ತ ಮಾಡುತ್ತೇವೆ’ ಎಂದು ಶುರುಮಾಡಿದರೆ ಅರ್ಜಿ ಅಲ್ಲಿಗೇ ಸತ್ತಿತು. ಮೊಟ್ಟೆ ಸೊಳ್ಳೆಯಾಗಲು ಇಲ್ಲಿನ ಹವೆಯಲ್ಲಿ ಎಂಟು–ಹತ್ತು ದಿನ ಸಾಕು. ಅಷ್ಟರೊಳಗೆ ಮೇಸ್ತ್ರಿಯ ಕಣ್ಣಿಗೆ ಲಾರ್ವಾ ಬೀಳುತ್ತದೆಯೇ ಎಂಬುದೊಂದೇ ಪ್ರಶ್ನೆಯಾಗಬೇಕು. ಕಲಿಸಿದ ಕೆಲವು ನಿವೇಶನ, ಕಲಿಸದ ಅಷ್ಟೇ ನಿವೇಶನ, ಒಂದು ಮಳೆಗಾಲ. ಯಾವ ಫಲಿತಾಂಶ ಬಂದರೆ ನಮ್ಮ ಊಹೆ ತಪ್ಪು ಎಂದು ಒಪ್ಪುತ್ತೇವೆ ಎಂಬ ಸಾಲು ಕಡ್ಡಾಯವಾಗಿ ಇರಬೇಕು. ನನ್ನ ಮಟ್ಟಿಗೆ ಅಸಾಂಪ್ರದಾಯಿಕ ಯೋಚನೆಯನ್ನೂ ಬರೀ ಬಡಾಯಿಯನ್ನೂ ಬೇರ್ಪಡಿಸುವುದು ಆ ಒಂದು ಸಾಲೇ. ಕೋವಿಡ್ ಕಾಲದ ಕಷಾಯದ ಜಾಹೀರಾತುಗಳಲ್ಲಿ ಅದನ್ನು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ.

ದತ್ತಾಂಶದ ಕಲಮು ಹೋದರೂ ಉಳಿದ ಕಲಮುಗಳು ಹೋಗಿಲ್ಲ. ಮನುಷ್ಯರನ್ನು ಒಳಗೊಂಡ ಅಧ್ಯಯನವಾದರೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಇದರಲ್ಲಿ ರಿಯಾಯಿತಿ ಕೇಳುವುದೂ ತಪ್ಪು, ಮಾರ್ಷಲ್ ತಮ್ಮ ಮೇಲೆಯೇ ಮಾಡಿಕೊಂಡದ್ದನ್ನು ಇನ್ನೊಬ್ಬರ ಮೇಲೆ ಮಾಡುವಂತಿಲ್ಲ. ಸರ್ಕಾರಿ ಅನುದಾನಕ್ಕೆ ಹಣ ಬಳಕೆಯ ಪ್ರಮಾಣಪತ್ರವಿದೆ, ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳ (ಜಿಎಫ್‌ಆರ್) 12-ಎ ನಮೂನೆಯಲ್ಲಿ. ಅದು ತಲುಪದೆ ಮುಂದಿನ ಕಂತು ಹೊರಡುವುದಿಲ್ಲ. ಬೆನ್ನ ಹಿಂದೆ ದೊಡ್ಡ ಸಂಸ್ಥೆಯೊಂದರ ಲೆಕ್ಕಪತ್ರ ವಿಭಾಗವಿದ್ದರೆ ಇದು ದಿನದ ಕೆಲಸ. ಕಾರ್ಕಳದಲ್ಲೋ ಬೈಂದೂರಿನಲ್ಲೋ ಒಬ್ಬರೇ ಕ್ಲಿನಿಕ್ ನಡೆಸುವ ವೈದ್ಯರಿಗೆ ಇದೇ ದೊಡ್ಡ ಗೋಡೆ. ಹಾಗಾಗಿ ಅರ್ಜಿಗೆ ಮೊದಲು ಕಾಲೇಜೊಂದರ ಜೊತೆಗಾರರನ್ನು ಹುಡುಕಿಕೊಳ್ಳುವುದು, ನೈತಿಕ ಸಮಿತಿಯ ಸಭೆ ಯಾವ ತಿಂಗಳು ಎಂದು ಕೇಳಿಟ್ಟುಕೊಳ್ಳುವುದು ವಾಸಿ.

ಇಷ್ಟಾದ ಮೇಲೂ ಕ್ಯಾಲೆಂಡರ್ ಒಂದು ಬಾಕಿ. ಕರಾವಳಿಗೆ ಮಳೆ ಹಿಡಿಯುವುದು ಜೂನ್‌ನಲ್ಲಿ. ಮಂಜೂರಾತಿ ಪತ್ರ ಏಪ್ರಿಲ್‌ನಲ್ಲಿ ಬಂದು, ಮೊದಲ ಕಂತು ಸೆಪ್ಟೆಂಬರ್‌ನಲ್ಲಿ ಖಾತೆಗೆ ಬಿದ್ದರೆ ಆ ವರ್ಷದ ಸೊಳ್ಳೆ ಕಾಯುವುದಿಲ್ಲ. ‘ಬಿಗ್’ನಂಥ ಅನುದಾನದ 18 ತಿಂಗಳ ಲೆಕ್ಕ ಮಾತ್ರ ಕಂತು ಬಿದ್ದ ದಿನದಿಂದಲೇ ಓಡತೊಡಗುತ್ತದೆ, ಮೇಸ್ತ್ರಿಯ ಪರೀಕ್ಷೆಗೆ ಉಳಿಯುವುದು ಒಂದೇ ಮಳೆಗಾಲ.